ಹಕ್ಕಿಗೆ ಮೊದಲು ನೀರಿಡಿ, ಕಾಳು ಆಮೇಲೆ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲವೆಂದರೆ ಹಕ್ಕಿಗಳಿಗೆ ಹೊಟ್ಟೆಗಿಲ್ಲದ ಕಾಲ. ನಮ್ಮ ಬಯಲುಸೀಮೆಯಲ್ಲಿ ಅದು ಸುಗ್ಗಿ. ಹಾಲುಗಾಳಿನ ಬಿಳಿಜೋಳ ಕಾಯಲು ಅಟ್ಟಣಿಗೆ ಏರಿ ಕವಣೆ ಬೀಸುವ ರೈತನಿಗೆ ‘ಹಕ್ಕಿಗೆ ಕಾಳು ಹಾಕಿ’ ಎಂದರೆ ನಕ್ಕಾನು. ಹಳ್ಳಕೊಳ್ಳ ಬತ್ತತೊಡಗುವ ಈ ದಿನಗಳಲ್ಲಿ ಹಕ್ಕಿಗೆ ಬೇಕಾದದ್ದು ನೀರು.

ಅಗಲ ಬಾಯಿಯ ಮಣ್ಣಿನ ತಟ್ಟೆ ತನ್ನಿ. ನೀರು ಎರಡು ಇಂಚು ಮೀರದಿರಲಿ. ನಡುವೆ ಒಂದು ಒರಟು ಕಲ್ಲಿಟ್ಟರೆ ಸಣ್ಣ ಹಕ್ಕಿಗಳು ಅದರ ಮೇಲೆ ಕೂತು ಕುಡಿಯುತ್ತವೆ. ಹಾರಿ ಕೂರಲು ಹತ್ತಿರದಲ್ಲೊಂದು ಗಿಡವಿರಲಿ, ಆದರೆ ಪೊದೆ ಏಳೆಂಟು ಅಡಿ ದೂರವಿರಲಿ. ಬೆಕ್ಕು ಹೊಂಚು ಹಾಕುವುದು ಅಲ್ಲಿಂದಲೇ. ದಿನವೂ ಹಳೆ ನೀರು ಚೆಲ್ಲಿ, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆಯಿರಿ. ಹಿಕ್ಕೆ ಬಿದ್ದ ನೀರು ರೋಗ ಹರಡುತ್ತದೆ. ತೊಳೆಯುವ ವ್ಯವಧಾನವಿಲ್ಲದಿದ್ದರೆ ತಟ್ಟೆ ಇಡದಿರುವುದೇ ಮೇಲು.

ಕಾಳು ಹಾಕಲೇಬೇಕೆನಿಸಿದರೆ ಬೆಳಿಗ್ಗೆ ಒಂದು ಹಿಡಿ ನವಣೆ, ಸಜ್ಜೆ ಅಥವಾ ಅಕ್ಕಿನುಚ್ಚು ಸಾಕು. ಉಳಿದದ್ದನ್ನು ಸಂಜೆಯೊಳಗೆ ಗುಡಿಸಿ. ಇಲ್ಲದಿದ್ದರೆ ಕಾಳಿಗೆ ಇಲಿ, ಇಲಿಗೆ ಹಾವು ಬರುತ್ತದೆ. ಪಿಕಳಾರಕ್ಕೆ ಪಪ್ಪಾಯಿ, ಬಾಳೆಹಣ್ಣಿನ ಹೋಳು ಇಷ್ಟ. ಬ್ರೆಡ್, ಖಾರ, ಕರಿದ ತಿಂಡಿ, ಬೂಸ್ಟು ಹಿಡಿದ ಕಾಳು ಬೇಡವೇ ಬೇಡ.

ಇನ್ನು ನೋಡುವುದು. ಸೂರ್ಯ ಹುಟ್ಟಿದಾಗಿನಿಂದ ಒಂಬತ್ತು ಗಂಟೆಯವರೆಗೆ ಒಳ್ಳೆಯ ಹೊತ್ತು. ಮಾಸಲು ಬಣ್ಣದ ಬಟ್ಟೆ ತೊಟ್ಟು, ಬಿಸಿಲಿಗೆ ಬೆನ್ನು ಮಾಡಿ ಕೂರಿ. 8×42 ದುರ್ಬೀನು ಹೊಸಬರಿಗೆ ಸಾಕು. ಹಕ್ಕಿ ಕಂಡೊಡನೆ ಹೆಸರಿಗೆ ತಡಕಾಡಬೇಡಿ. ಗುಬ್ಬಿಗಿಂತ ದೊಡ್ಡದೋ, ಕಾಗೆಗಿಂತ ಚಿಕ್ಕದೋ, ಕೊಕ್ಕು ಹೇಗಿದೆ, ಬಾಲ ಕುಣಿಸುತ್ತದೆಯೋ, ಬರೆದಿಟ್ಟುಕೊಳ್ಳಿ. ಮನೆಗೆ ಬಂದು ತೇಜಸ್ವಿಯವರ ‘ಹಕ್ಕಿ ಪುಕ್ಕ’ ತಿರುವಿದರೆ ಬಹುಪಾಲು ಅನುಮಾನ ಬಗೆಹರಿಯುತ್ತದೆ. ಬಾಲ ಕುಣಿಸುತ್ತಾ ಕೆರೆದಂಡೆಯಲ್ಲಿ ಓಡಾಡುವುದು ಕುಂಡೆಕುಸ್ಕ. ಅದರಲ್ಲಿ ಹಲವು ಬಗೆಗಳು ಚಳಿಗಾಲದ ವಲಸಿಗರು.

ಊರಾಚೆ ಬೂರುಗದ ಮರವಿದ್ದರೆ ನೀವು ಅದೃಷ್ಟವಂತರು. ಎಲೆಯುದುರಿಸಿ ಕೆಂಪಗೆ ಹೂಬಿಟ್ಟಾಗ ಗೊರವಂಕ, ಕಾಜಾಣ, ಗುಲಾಬಿ ಕಬ್ಬಕ್ಕಿ, ಸೂರಕ್ಕಿ ಎಲ್ಲ ಮಕರಂದಕ್ಕೆ ಅಲ್ಲಿಗೇ ಬರುತ್ತವೆ. ನೀವು ಹುಡುಕಿ ಅಲೆಯಬೇಕಿಲ್ಲ, ಕೂತರಾಯಿತು.

ಬಿಡುವಿದ್ದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿಬನ್ನಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ತಾಣವದು. 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಅವು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ನೀವೇನೂ ಎಸೆಯಬೇಡಿ. ಫೋಟೊಗಾಗಿ ಹತ್ತಿರ ಹೋಗಿ ಗುಂಪನ್ನು ಎಬ್ಬಿಸುವವರ ಬಗ್ಗೆ ನನಗೆ ಕಿಂಚಿತ್ತೂ ಸಹನೆಯಿಲ್ಲ.

ಫೆಬ್ರವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಹದಿನೈದು ನಿಮಿಷ ಎಣಿಸಿ, ‘ಇ-ಬರ್ಡ್’ ಆ್ಯಪ್‌ನಲ್ಲಿ ದಾಖಲಿಸಿದರೆ ಸಾಕು. ಹಳ್ಳಿಗಳಿಂದಲೂ ಪಟ್ಟಿಗಳು ಹೋಗಬೇಕು, ಈ ಸಲ ನಿಮ್ಮೂರಿನದನ್ನೂ ಕಳಿಸಿ.