ದ್ರಾಕ್ಷಿ ಪಡ: ಏಪ್ರಿಲ್ ಚಾಟಣಿಯ ನಂತರದ ಎರಡು ತಿಂಗಳು

ಸೊಲ್ಲಾಪುರ, ಜತ್ತ ಭಾಗದ ನಮ್ಮ ದ್ರಾಕ್ಷಿ ಪಡಗಳಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಗೊಂಚಲೂ ಇಳಿದಿರುತ್ತವೆ. ಹಣ್ಣು ಪೇಟೆಗೋ ಒಣದ್ರಾಕ್ಷಿ ಶೆಡ್ಡಿಗೋ ಹೋಗಿರುತ್ತದೆ. ಸಾಲ, ಔಷಧಿಯ ಬಾಕಿ, ಮನೆಯ ಮದುವೆ ಇವುಗಳ ಲೆಕ್ಕದಲ್ಲಿ ಬರಿದಾದ ಪಡದ ಕಡೆ ಮನಸ್ಸು ಹೋಗುವುದಿಲ್ಲ. ಆದರೆ ಮುಂದಿನ ಹಂಗಾಮಿನ ಗೊಂಚಲು ಹುಟ್ಟುವುದು ಈ ಬೇಸಿಗೆಯಲ್ಲೇ ಎಂಬುದನ್ನು ನಾವು ಮರೆಯಬಾರದು.

ಚಳಿ ದೇಶಗಳಲ್ಲಿ ಬಳ್ಳಿ ಹಿಮಗಾಲದಲ್ಲಿ ನಿದ್ದೆ ಹೋಗುತ್ತದೆ. ನಮ್ಮ ಬಳ್ಳಿಗೆ ಅಂಥ ನಿದ್ದೆ ಇಲ್ಲ. ಆದ್ದರಿಂದಲೇ ನಾವು ಎರಡು ಸಲ ಚಾಟಣಿ ಮಾಡಿ ಒಂದು ಬೆಳೆ ತೆಗೆಯುತ್ತೇವೆ. ಏಪ್ರಿಲ್ ಚಾಟಣಿ ಕಡ್ಡಿಗಾಗಿ, ಅಕ್ಟೋಬರ್ ಚಾಟಣಿ ಹಣ್ಣಿಗಾಗಿ. ಏಪ್ರಿಲ್‌ನಲ್ಲಿ ಹಳೆಯ ಕಡ್ಡಿಗಳನ್ನು ಒಂದೆರಡು ಕಣ್ಣು ಬಿಟ್ಟು ಕತ್ತರಿಸಿದರೆ, ಬಿಸಿಲಿನ ಕಾವಿಗೆ ಎರಡು ವಾರದೊಳಗೆ ಹೊಸ ಚಿಗುರು ಒಡೆಯುತ್ತದೆ.

ಚಾಟಣಿಯಾದ ಸುಮಾರು 40ರಿಂದ 60 ದಿನಗಳ ನಡುವೆ ಹೊಸ ಕಡ್ಡಿಯ ಕಣ್ಣುಗಳೊಳಗೆ ಒಂದು ತೀರ್ಮಾನ ನಡೆಯುತ್ತದೆ. ಕಣ್ಣಿನಲ್ಲಿರುವ ಸಣ್ಣ ಮೊಳಕೆ ಗೊಂಚಲೂ ಆಗಬಹುದು, ಬರೀ ಸುರುಳಿ ಬಳ್ಳಿಯೂ ಆಗಬಹುದು. ಬೆಳಕು ಚೆನ್ನಾಗಿ ಬಿದ್ದು, ಬೆಳವಣಿಗೆ ಹಿಡಿತದಲ್ಲಿದ್ದರೆ ಗೊಂಚಲು. ನೆರಳು, ಅತಿಯಾದ ನೀರು, ಅತಿಯಾದ ಯೂರಿಯಾ ಇದ್ದರೆ ಸುರುಳಿ. ಈ ನಷ್ಟ ಮೇ ತಿಂಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಕ್ಟೋಬರ್ ಚಾಟಣಿಗೆ ಸಾಲ ತಂದು ಖರ್ಚು ಮಾಡಿದ ಮೇಲೆ, ಗೊಂಚಲಿಲ್ಲದ ಚಿಗುರು ಹೊರಬಂದಾಗ ಗೊತ್ತಾಗುತ್ತದೆ. ಆಗ ಯಾವ ಔಷಧಿಯೂ ಅದನ್ನು ಸರಿಪಡಿಸಲಾರದು.

ಹಾಗಾದರೆ ಮಾಡಬೇಕಾದದ್ದೇನು?

ಮೊದಲನೆಯದು, ಕಾವಲು. ಉಡದ್ಯಾ ಎಂಬ ಸಣ್ಣ ದುಂಬಿ ಒಡೆಯುತ್ತಿರುವ ಕಣ್ಣನ್ನೇ ಕೊರೆದು ತಿನ್ನುತ್ತದೆ. ಕಾಂಡದ ಸಡಿಲ ತೊಗಟೆ ಅದರ ಅಡಗುದಾಣ. ಅದನ್ನು ಬಿಡಿಸಿ ತೆಗೆಯಬೇಕು. ಬೆಳಗಿನ ಜಾವ ಬಳ್ಳಿ ಅಲುಗಾಡಿಸಿ, ಉದುರಿದ ಹುಳಗಳನ್ನು ಆರಿಸಿ ನಾಶ ಮಾಡಬೇಕು.

ಎರಡನೆಯದು, ಚಿಗುರು ತೆಗೆಯುವುದು. ಐದಾರು ಎಲೆ ಬಂದಾಗ ದಟ್ಟವಾದ, ಬಡಕಲಾದ ಚಿಗುರುಗಳನ್ನು ಮುರಿಯಬೇಕು. ಕೈ ಹಿಂಜರಿಯುತ್ತದೆ, ನಿಜ. ಆದರೆ ಉಳಿದ ಪ್ರತಿ ಕಡ್ಡಿಗೂ ಬೆಳಕು ಸಿಗಬೇಕು.

ಮೂರನೆಯದು, ಸಬ್‌ಕೇನ್. ಥಾಮ್ಸನ್ ಮತ್ತು ಅದರಿಂದ ಬಂದ ತಾಸ್-ಎ-ಗಣೇಶ್, ಸೋನಾಕಾ ತಳಿಗಳಲ್ಲಿ ಚಿಗುರು ಒಂಬತ್ತು ಹತ್ತು ಎಲೆಯಾದಾಗ ಏಳನೆಯ ಎಲೆಯ ಮೇಲೆ ಚಿವುಟಬೇಕು. ತುದಿಯ ಕಣ್ಣಿನಿಂದ ಬರುವ ಕವಲು ಒಂದನ್ನೇ ಬೆಳೆಯಬಿಟ್ಟು, ಐದಾರು ಎಲೆಗೆ ಅದನ್ನೂ ನಿಲ್ಲಿಸಬೇಕು. ಈ ಗಂಟಿನ ಆಸುಪಾಸಿನ ಕಣ್ಣುಗಳಲ್ಲೇ ಗೊಂಚಲು ಹೆಚ್ಚು.

ನಾಲ್ಕನೆಯದು, ನೀರು ಗೊಬ್ಬರ. ಮೊದಲ ತಿಂಗಳು ಸಾರಜನಕ, ಎರಡನೆಯ ತಿಂಗಳು ರಂಜಕ, ಆಮೇಲೆ ಕಡ್ಡಿ ಮಾಗಲು ಪೊಟ್ಯಾಷ್ ಹೆಚ್ಚಾಗಿರಲಿ. ಕಣ್ಣು ಕಟ್ಟುವ ಹೊತ್ತಿನಲ್ಲಿ ನೀರನ್ನು ಕಡಿಮೆ ಮಾಡಬೇಕು, ಆದರೆ ಬಳ್ಳಿ ಬಾಡಬಾರದು. ಬುಡಕ್ಕೆ ಕಬ್ಬಿನ ರವದಿ ಹಾಸಿದರೆ ಇದ್ದ ನೀರು ಉಳಿಯುತ್ತದೆ.

ಇನ್ನು ಆರೋಗ್ಯದ ಮಾತು. ಕಣ್ಣು ಒಟ್ಟಿಗೆ ಒಡೆಯಲೆಂದು ನಮ್ಮಲ್ಲಿ ಹೈಡ್ರೋಜನ್ ಸಯನಮೈಡ್ ಬಳಸುತ್ತಾರೆ. ಅದು ಚರ್ಮವನ್ನು, ಕಣ್ಣನ್ನು ಸುಡುತ್ತದೆ. ರಬ್ಬರಿನ ಕೈಗವಸು, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಅದನ್ನು ಯಾರೂ ಮುಟ್ಟಬಾರದು. ಕೂಲಿಗೆ ಬರುವ ಅಕ್ಕತಂಗಿಯರಿಗೂ ಇವನ್ನು ನಾವೇ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಈ ಔಷಧಿ ಮತ್ತು ಮದ್ಯ ಸೇರಿದರೆ ಪ್ರಾಣಕ್ಕೆ ಅಪಾಯ. ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿ, ಉಸಿರುಕಟ್ಟು ಬರಬಹುದು. ಔಷಧಿ ಹಚ್ಚುವ ಮುನ್ನಾ ದಿನದಿಂದ ಹಿಡಿದು ಮುಗಿದ ಮೇಲೆ ಒಂದು ವಾರದವರೆಗೆ ಒಂದು ಗುಟುಕೂ ಕೂಡದು. ಹಾಗೇನಾದರೂ ಆದರೆ ಔಷಧಿಯ ಡಬ್ಬಿಯನ್ನು ಜೊತೆಗೆ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬೇಸಿಗೆಯ ಕೆಲಸವನ್ನು ಬೆಳಗಿನ ಹತ್ತರೊಳಗೆ ಮುಗಿಸೋಣ. ಮಜ್ಜಿಗೆ, ಉಪ್ಪು ಬೆರೆಸಿದ ನಿಂಬೆ ಪಾನಕ ಪಡದಲ್ಲೇ ಇರಲಿ. ಬಳ್ಳಿಯನ್ನು ಜೋಪಾನ ಮಾಡುವಷ್ಟೇ ಬಳ್ಳಿ ನೋಡುವ ಕೈಗಳನ್ನೂ ಜೋಪಾನ ಮಾಡೋಣ.