ಗೆದ್ದವನೊಬ್ಬ, ಗೆಲ್ಲಿಸಿದವರು ಹಲವರು



ಮಳೆಗಾಲದಲ್ಲಿ ಮಂಜೇಶ್ವರದಿಂದ ಕುಂಬಳೆಯತ್ತ ಸೈಕಲ್ ತುಳಿದವರಿಗೆ ಕಡಲಗಾಳಿಯ ಬಲವೆಂತಹದೆಂಬುದನ್ನು ಹೇಳಬೇಕಾಗಿಲ್ಲ. ಎದುರುಗಾಳಿಯಲ್ಲಿ ಮುಂದಿನ ಸವಾರನ ಬೆನ್ನ ಹಿಂದೆಯೇ ಸಾಗುವವನಿಗೆ ಶ್ರಮವು ಬಹಳ ಕಡಿಮೆ. ವೇಗವು ಇಮ್ಮಡಿಯಾದರೆ ಗಾಳಿಯ ಪ್ರತಿರೋಧವು ನಾಲ್ಮಡಿಯಾಗುವುದೆಂಬ ಭೌತಶಾಸ್ತ್ರದ ನಿಯಮವೇ ಇದಕ್ಕೆ ಕಾರಣ. ಸೈಕಲ್ ಪಂದ್ಯದಲ್ಲಿ ಸಹಕಾರವು ಹುಟ್ಟಿದುದು ಈ ನಿಯಮದಿಂದಲೇ.

'ಟೂರ್ ದ ಫ್ರಾನ್ಸ್' ಎಂಬ ಜಗತ್ಪ್ರಸಿದ್ಧ ಪಂದ್ಯವು 1903ರಲ್ಲಿ ಆರಂಭವಾಯಿತು. ಆರು ಹಂತಗಳಲ್ಲಿ 2,428 ಕಿಲೋಮೀಟರು ಕ್ರಮಿಸಿ ಮಾರಿಸ್ ಗಾರಿನ್ ಎಂಬವನು ಗೆದ್ದನು. ಸವಾರನು ಪರರ ನೆರವಿಲ್ಲದೆ ಗೆಲ್ಲಬೇಕೆಂಬುದು ಆಗಿನ ಆದರ್ಶ. 1913ರಲ್ಲಿ ಯೂಜೀನ್ ಕ್ರಿಸ್ಟೋಫನ ಸೈಕಲಿನ ಮುಂಗವಲು ಪರ್ವತಮಾರ್ಗದಲ್ಲಿ ಮುರಿಯಿತು. ಅವನು ಅದನ್ನು ಹೊತ್ತು ಮೈಲುಗಟ್ಟಲೆ ನಡೆದು, ಹಳ್ಳಿಯ ಕಮ್ಮಾರಸಾಲೆಯಲ್ಲಿ ಸ್ವತಃ ಬೆಸೆದನು. ಆದರೂ ಬಾಲಕನೊಬ್ಬನು ತಿದಿಯೊತ್ತಿದನೆಂಬ ಕಾರಣಕ್ಕೆ ಅವನಿಗೆ ದಂಡ ವಿಧಿಸಲಾಯಿತು!

1930ರಲ್ಲಿ ರಾಷ್ಟ್ರೀಯ ತಂಡಗಳು ಬಂದುವು. 1934ರಲ್ಲಿ ಇಪ್ಪತ್ತು ವರ್ಷದ ತರುಣ ರೆನೆ ವಿಯೆಟ್ಟೊ, ತನ್ನ ನಾಯಕ ಆಂಟೊನಿನ್ ಮಾನ್ಯನ ಚಕ್ರವು ಕೆಟ್ಟಾಗ ತನ್ನ ಚಕ್ರವನ್ನೇ ಕಳಚಿಕೊಟ್ಟು, ದಾರಿಯ ಬದಿಯ ಗೋಡೆಯ ಮೇಲೆ ಕಣ್ಣೀರಿಡುತ್ತ ಕುಳಿತನು. ಮಾನ್ಯನು ಆ ವರ್ಷ ವಿಜಯಿಯಾದನು, ವಿಯೆಟ್ಟೊ ಐದನೆಯವನಾದನು. ಮುಂದೆಂದೂ ಅವನಿಗೆ ಆ ಪಂದ್ಯದ ವಿಜಯ ದೊರೆಯಲಿಲ್ಲ.

1940ರ ಇಟಲಿಯ ಪಂದ್ಯದಲ್ಲಿ ಇದಕ್ಕೆ ವ್ಯತಿರಿಕ್ತವಾದುದು ನಡೆಯಿತು. ಜೀನೊ ಬಾರ್ತಲಿಯ ಸಹಾಯಕನಾಗಿ ಬಂದಿದ್ದ ಫಾಸ್ಟೊ ಕೊಪ್ಪಿ, ನಾಯಕನು ಬಿದ್ದು ಹಿಂದುಳಿದ ಮೇಲೆ ತಾನೇ ಮುಂದಾದನು. ಬಾರ್ತಲಿಯು ಅಭಿಮಾನವನ್ನು ನುಂಗಿಕೊಂಡು ಆ ಕಿರಿಯನನ್ನು ಹುರಿದುಂಬಿಸಿದನು, ಕೊಪ್ಪಿ ಗೆದ್ದನು.

ಬೆಲ್ಜಿಯಮಿನ ಎಡ್ಡಿ ಮರ್ಕ್ಸ್ 1969ರಿಂದ 1974ರ ವರೆಗೆ ಐದು ಬಾರಿ ಫ್ರಾನ್ಸಿನ ಪಂದ್ಯವನ್ನು ಗೆದ್ದನು. ಸ್ಲೊವೇನಿಯದ ತದೆಯ್ ಪೊಗಾಚರ್ 2020, 2021, 2024 ಮತ್ತು 2025ರಲ್ಲಿ ಗೆದ್ದನು. ಇವರಲ್ಲಿ ಯಾರು ಶ್ರೇಷ್ಠರು? ಗಾರಿನನ ಕಾಲದಲ್ಲಿ ಆರೇ ಹಂತಗಳು, ಇಂದು ಇಪ್ಪತ್ತೊಂದು. ಇಂದು ಪ್ರತಿ ತಂಡದಲ್ಲಿ ಎಂಟು ಮಂದಿ ಸವಾರರು, ಹಿಂದೆ ಬಿಡಿಭಾಗಗಳ ವಾಹನ. ಅಳತೆಗೋಲೇ ಬದಲಾದಾಗ ಅಂಕಿಗಳನ್ನು ಮಾತ್ರ ತೂಗುವುದು ನ್ಯಾಯವಲ್ಲ.

ಸಹಕಾರವೆಂಬುದು ತಾನಾಗಿಯೇ ಸದ್ಗುಣವೂ ಅಲ್ಲ. ಲ್ಯಾನ್ಸ್ ಆರ್ಮ್‌ಸ್ಟ್ರಾಂಗನ ತಂಡವೂ ಒಗ್ಗಟ್ಟಿನಿಂದಲೇ ದುಡಿದಿತ್ತು. ಆದರೆ ಆ ಒಗ್ಗಟ್ಟು ನಿಷಿದ್ಧ ಔಷಧಗಳ ಸೇವನೆಯಲ್ಲಿಯೂ ಇದ್ದುದರಿಂದ 2012ರಲ್ಲಿ ಅವನ ಏಳು ವಿಜಯಗಳೂ ರದ್ದಾದುವು. ಯಾವ ಉದ್ದೇಶಕ್ಕಾಗಿ ಕೂಡಿದೆವೆಂಬುದೇ ಮುಖ್ಯ.

ಕನ್ನಡನಾಡಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ತವರೆಂದು ಹೆಸರಾಗಿವೆ. ಅಲ್ಲಿಯ ಪದಕಗಳ ಹಿಂದೆಯೂ ಹೆಸರಿಲ್ಲದ ಎಷ್ಟೋ ಜೊತೆಗಾರರ ಬೆವರಿದೆಯೆಂಬುದರಲ್ಲಿ ಸಂದೇಹವಿಲ್ಲ.

ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಎಷ್ಟೋ ವರ್ಷ ವಾರ್ಷಿಕೋತ್ಸವದ ವೇದಿಕೆಯಲ್ಲಿ ನಾನು ಪ್ರಥಮ ಸ್ಥಾನ ಪಡೆದವರ ಹೆಸರುಗಳನ್ನು ಮಾತ್ರ ಓದಿದ್ದೇನೆ. ತನ್ನ ಟಿಪ್ಪಣಿಗಳನ್ನು ಗೆಳೆಯನಿಗೆ ಕೊಟ್ಟವನನ್ನಾಗಲಿ, ಗಾಯಗೊಂಡವಳನ್ನು ಮನೆಗೆ ಮುಟ್ಟಿಸಲು ಓಟವನ್ನೇ ಬಿಟ್ಟವಳನ್ನಾಗಲಿ ವೇದಿಕೆಗೆ ಕರೆದವನಲ್ಲ. ಗೋಡೆಯ ಮೇಲೆ ಕುಳಿತು ಅತ್ತ ವಿಯೆಟ್ಟೊ ನಮ್ಮ ತರಗತಿಗಳಲ್ಲಿಯೂ ಇದ್ದಾನೆ. ಅವನನ್ನು ಗುರುತಿಸುವುದು ಶಿಕ್ಷಕರ ಧರ್ಮ. ಅವನನ್ನು ಮರೆಯದಿರುವುದು ಗೆದ್ದವರ ಧರ್ಮ.

ಅಭ್ಯಾಸ:
1. ಕ್ರಿಸ್ಟೋಫನಿಗೆ ವಿಧಿಸಿದ ದಂಡವು ನ್ಯಾಯವಾದುದೇ? ಚರ್ಚಿಸಿರಿ.
2. ನಿಮ್ಮ ಗೆಲುವೊಂದಕ್ಕೆ ನೆರವಾದವರ ಹೆಸರುಗಳನ್ನು ಬರೆಯಿರಿ. ಬರೆದು ಅವರಿಗೆ ತೋರಿಸಿರಿ.