ಬಿರುಕಿಗೆ ಬೆಲೆ ಕಟ್ಟುವ ಮುನ್ನ

ಮನೆ ಕೊಳ್ಳಲು ಹೊರಟವರಿಗೆ ಬಂಧುಗಳೂ ಗೆಳೆಯರೂ ಕೊಡುವ ಸಲಹೆ ಒಂದೇ: ‘ಹೇಳಿದ ಬೆಲೆಗೆ ಒಪ್ಪಬೇಡಿ, ಹತ್ತು ಹದಿನೈದು ಪರ್ಸೆಂಟ್ ಕೆಳಗೆ ಕೇಳಿ.’ ನಾನು ಆ ಮಾತನ್ನು ನಂಬಿ 2022ರ ಕೊನೆಯಲ್ಲಿ ಧಾರವಾಡದಲ್ಲಿ ಒಂದು ಒಳ್ಳೆಯ ಮನೆಯನ್ನು ಕಳೆದುಕೊಂಡೆ.

ಆ ಮನೆಗೆ ಮಾಲೀಕರು ಹೇಳಿದ್ದು 54 ಲಕ್ಷ. ಬಚ್ಚಲುಮನೆ ಹಳತಾಗಿತ್ತು, ಅಡುಗೆ ಕಟ್ಟೆಯ ಕಲ್ಲು ಒಡೆದಿತ್ತು, ಹಿಂದಿನ ಗೋಡೆಗೆ ನೆಲದಿಂದ ಮೂರಡಿ ತೇವ ಏರಿತ್ತು. ಇಷ್ಟೆಲ್ಲ ಕೊರತೆ ಇದೆಯಲ್ಲ ಎಂದು 46 ಲಕ್ಷಕ್ಕೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. ‘ಮನಿ ನಿಮ್ಮ ಮನಸ್ಸಿಗೆ ಬಂದಂಗಿಲ್ಲ, ಬಿಡ್ರಿ ಬಾಯಾರ’ ಎಂದು ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಮಾತು ಮುಂದೆ ಸಾಗಲಿಲ್ಲ. ಹದಿನೈದು ದಿನಗಳಲ್ಲಿ ಮನೆ 53 ಲಕ್ಷಕ್ಕೆ ಬೇರೆಯವರ ಪಾಲಾಯಿತು.

ತಪ್ಪು ತಿಳಿದದ್ದು ನಂತರ. ಅದೇ ಓಣಿಯಲ್ಲಿ ಅಷ್ಟೇ ಅಳತೆಯ, ಅಷ್ಟೇ ಹಳೆಯದಾದ, ಆದರೆ ಸುಸ್ಥಿತಿಯಲ್ಲಿದ್ದ ಮನೆ 60 ಲಕ್ಷಕ್ಕೆ ಹೋಗಿತ್ತು. ಅಂದರೆ ತೇವಕ್ಕೂ ಒಡೆದ ಕಲ್ಲಿಗೂ ಮಾಲೀಕರೇ ಮೊದಲು 6 ಲಕ್ಷ ಕಳೆದು ಬೆಲೆ ಹೇಳಿದ್ದರು. ದುರಸ್ತಿಗೆ ಹೆಚ್ಚೆಂದರೆ ಮೂರೂವರೆ ಲಕ್ಷ ತಗಲುತ್ತಿತ್ತು. ನಾನು ಒಂದೇ ದೋಷಕ್ಕೆ ಎರಡನೇ ಸಲ ವಜಾ ಕೇಳಿದ್ದೆ. ಅಂದಿನಿಂದ ದೋಷವಿರುವ ಯಾವ ಮನೆ ನೋಡಿದರೂ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಈ ದೋಷ ಹೇಳಿದ ಬೆಲೆಯೊಳಗೆ ಆಗಲೇ ಸೇರಿದೆಯೇ, ಇಲ್ಲವೇ?

ಉತ್ತರ ಆ ಮನೆಯೊಳಗೆ ಸಿಗುವುದಿಲ್ಲ, ಅಕ್ಕಪಕ್ಕದ ಮನೆಗಳಲ್ಲಿ ಸಿಗುತ್ತದೆ. ಅದೇ ಬಡಾವಣೆಯಲ್ಲಿ ಕಳೆದ ಒಂದು ವರ್ಷದಲ್ಲಿ ಮಾರಾಟವಾದ ಎರಡು ಮೂರು ಮನೆಗಳ ಬೆಲೆ ಗೊತ್ತಾಗಬೇಕು. ಏಜೆಂಟರು ಹೇಳುವುದನ್ನು ಕೇಳಿ, ಅಷ್ಟಕ್ಕೇ ನಿಲ್ಲಬೇಡಿ. ಕೊಂಡವರನ್ನೇ ಮಾತಾಡಿಸಿ. ಸರ್ಕಾರದ ಮಾರ್ಗಸೂಚಿ ಬೆಲೆಯನ್ನು ಮಾರುಕಟ್ಟೆ ಬೆಲೆ ಎಂದು ತಿಳಿಯಬೇಡಿ. ಅದು ಮುದ್ರಾಂಕ ಶುಲ್ಕಕ್ಕಾಗಿ ನಿಗದಿ ಮಾಡಿದ ಕನಿಷ್ಠ ಲೆಕ್ಕ ಮಾತ್ರ.

2023ರ ಮಾರ್ಚ್‌ನಲ್ಲಿ ಹುಬ್ಬಳ್ಳಿಯಲ್ಲಿ ಎರಡು ಮನೆಗಳು ನಮ್ಮ ಮುಂದಿದ್ದವು. ಒಂದು ಬಹಳ ಅಗ್ಗ. ಏಜೆಂಟರು ಮೊದಲ ದಿನವೇ ‘ಒಂಬತ್ತು ಲಕ್ಷ ಇಳಿಸಿ ಕೊಡಸ್ತೇನಿ’ ಎಂದರು. ಒಳಗೆ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆದರೆ ಅಡುಗೆಮನೆಯ ಕಪಾಟುಗಳ ಬುಡದ ಹಲಗೆ ಉಬ್ಬಿತ್ತು. ಕಂಪೌಂಡಿನ ಒಳಮೈ ಮೇಲೆ ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ ಇತ್ತು. ಹೊರಗೆ ಬಂದು ನೋಡಿದರೆ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕುತ್ತ ಹೋಗಿ, ಮನೆಯ ಹೊಸ್ತಿಲು ರಸ್ತೆಗಿಂತ ಒಂದೂವರೆ ಅಡಿ ಕೆಳಗೆ ಉಳಿದಿತ್ತು. ಎದುರು ಮನೆಯ ಅಜ್ಜಿಯನ್ನು ಕೇಳಿದೆವು. ‘ದೊಡ್ಡ ಮಳಿ ಬಂದ್ರ ಅವರ ಮನ್ಯಾಗ ನೀರು ಹೊಕ್ಕೇ ಹೋಗ್ತೈತಿ’ ಎಂದರು.

ಇಂಥ ದೋಷಕ್ಕೆ ಬೆಲೆ ಇಳಿಸಿ ಕೇಳುವುದು ಪರಿಹಾರವಲ್ಲ. ಬಣ್ಣ, ಕೊಳಾಯಿ, ತಾರಸಿ ನಮ್ಮ ಕೈಯಲ್ಲಿವೆ. ರಸ್ತೆಯ ಎತ್ತರ, ಓಣಿಯ ಚರಂಡಿ, ನೀರು ಹರಿಯುವ ಇಳಿಜಾರು ನಮ್ಮ ಕೈಯಲ್ಲಿಲ್ಲ. ತಕರಾರಿರುವ ದಾಖಲೆಯೂ ಹಾಗೆಯೇ. ಉತಾರದಲ್ಲಿ ಇರುವ ಹೆಸರೊಂದು, ಮಾರುವವರು ಮತ್ತೊಬ್ಬರು ಎಂದಾದರೆ, ಅಥವಾ ಪಾಲು ಬಿಟ್ಟುಕೊಡದ ಅಣ್ಣತಮ್ಮಂದಿರಿದ್ದರೆ, ಹತ್ತು ಲಕ್ಷ ಇಳಿದರೂ ಆ ತೊಡಕು ನಿಮ್ಮ ಜೊತೆಗೇ ಬರುತ್ತದೆ. ನಾವು ಆ ಮನೆಗೆ ಬೆಲೆಯನ್ನೇ ಹೇಳದೆ ಬಂದೆವು.

ಎರಡನೆಯದು ನಿವೃತ್ತ ನೌಕರರೊಬ್ಬರು 1996ರಲ್ಲಿ ಕಟ್ಟಿಸಿದ ಮನೆ. ಹೇಳಿದ ಬೆಲೆ 62 ಲಕ್ಷ. ಗಾಳಿ ಬೆಳಕು ಚೆನ್ನಾಗಿತ್ತು, ದಾಖಲೆ ಸ್ವಚ್ಛವಾಗಿತ್ತು. ಆದರೆ ಹಿಂದಿನ ಕೋಣೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಒಂದು ಬಿರುಕು ಹೋಗಿತ್ತು. ಅಡುಗೆಮನೆಯ ಸ್ಲ್ಯಾಬಿನಲ್ಲಿ ಅಂಗೈ ಅಗಲದಷ್ಟು ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುತ್ತಿತ್ತು. ಬಚ್ಚಲುಮನೆಯ ಹಿಂಬದಿ ಗೋಡೆ ತೇವದಿಂದ ಕಪ್ಪಾಗಿತ್ತು.

ಮಾಲೀಕರ ಒಪ್ಪಿಗೆ ಪಡೆದು ಮರುದಿನ ಪರಿಚಯದ ಗೌಂಡಿಯನ್ನು ಕರೆದೊಯ್ದೆ. ಗೋಡೆಗೆ ಕೈಯಿಟ್ಟು ಅವರು ಹೇಳಿದ್ದು: ‘ಎರಿ ಮಣ್ಣಿನ ಮ್ಯಾಲಿನ ಮನಿ ಇದು ಅಕ್ಕಾರ. ಮಳಿಗಾಲದಾಗ ಮಣ್ಣು ಉಬ್ಬತೈತಿ, ಬ್ಯಾಸಿಗ್ಯಾಗ ಬಿರೀತೈತಿ. ಬಿರುಕು ಐತೇನು ಅಂತ ಕೇಳಬ್ಯಾಡ್ರಿ. ಬೆಳೀತೈತೋ, ನಿಂತೈತೋ ಅದನ್ನ ಕೇಳ್ರಿ.’

ಆ ಪ್ರಶ್ನೆಗೆ ಉತ್ತರ ಬೇಕೆಂದು 5,000 ರೂಪಾಯಿ ಕೊಟ್ಟು ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ದಿನಾಂಕ ಬರೆದರು. ಬಿರುಕಿನ ಮೇಲೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದರು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಎರೆ ಮಣ್ಣು ಹೆಚ್ಚು ಕುಗ್ಗುವುದು ಬೇಸಿಗೆಯಲ್ಲೇ ಆದ್ದರಿಂದ ಪರೀಕ್ಷೆಗೆ ಅದು ಸರಿಯಾದ ಕಾಲವಾಗಿತ್ತು. ಆರು ವಾರಗಳ ನಂತರ ಹೋಗಿ ನೋಡಿದಾಗ ಗಾಜು ಹಾಗೆಯೇ ಇತ್ತು, ಬಿರುಕು ಗೆರೆ ದಾಟಿರಲಿಲ್ಲ. ಮಹಡಿಯ ನೀರು ಅಡಿಪಾಯದ ಬದಿಗೇ ಸುರಿಯುತ್ತಿರುವುದರಿಂದ ಆ ಮೂಲೆಯ ಮಣ್ಣು ಹೆಚ್ಚು ಉಬ್ಬಿ ಕುಗ್ಗಿದೆ, ನೀರನ್ನು ದೂರ ಸಾಗಿಸಿ ಮನೆಯ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿದರೆ ಸಾಕು ಎಂದು ಬರೆದುಕೊಟ್ಟರು. ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಹಿಗ್ಗಿದ್ದರಿಂದ ಕಾಂಕ್ರೀಟ್ ಉದುರಿತ್ತು. ಅದು ಒಂದು ಮೂಲೆಗೆ ಮಾತ್ರ ಸೀಮಿತವಾಗಿತ್ತು. ಇಡೀ ತಾರಸಿಗೆ ಹಬ್ಬಿದ್ದರೆ ನಾವು ಹಿಂದೆ ಸರಿಯುತ್ತಿದ್ದೆವು.

ಈಗ ದೋಷಗಳಿಗೆ ಅಂಕಿ ಕೂಡಿಸಬಹುದಾಗಿತ್ತು. ಬಚ್ಚಲುಮನೆ ಅಗೆದು ಹೊಸದಾಗಿ ಮಾಡಲು 1.4 ಲಕ್ಷ. ಸ್ಲ್ಯಾಬ್ ದುರಸ್ತಿ, ತಾರಸಿಗೆ ನೀರು ಇಳಿಯದಂತೆ ಲೇಪನ 1.6 ಲಕ್ಷ. ಸುತ್ತಲಿನ ಕಾಂಕ್ರೀಟ್ ಪಟ್ಟಿ, ನೀರಿನ ಕಾಲುವೆ 90 ಸಾವಿರ. ಬಿರುಕು ತುಂಬಿ ಗಿಲಾವು ಮಾಡಲು 60 ಸಾವಿರ. ಹಳೆಯ ವೈರಿಂಗ್ ಬದಲಿಸಲು 1.1 ಲಕ್ಷ. ಒಟ್ಟು 5.6 ಲಕ್ಷ. ಗೋಡೆ ಒಡೆದ ಮೇಲೆ ಹೊಸ ಕೆಲಸ ಹುಟ್ಟುವುದು ಖಂಡಿತ ಎಂದು ಅದರ ಮೇಲೆ ಶೇ 20ರಷ್ಟು ಸೇರಿಸಿದೆವು. ದುರಸ್ತಿ ಮುಗಿಯುವವರೆಗೆ ಎರಡು ತಿಂಗಳ ಬಾಡಿಗೆ 22 ಸಾವಿರ. ಎಲ್ಲ ಸೇರಿ ಸುಮಾರು 7 ಲಕ್ಷ.

ಅದೇ ಸಾಲಿನಲ್ಲಿ ಸುಸ್ಥಿತಿಯ ಮನೆ 65 ಲಕ್ಷಕ್ಕೆ ಮಾರಾಟವಾಗಿತ್ತು. ಮಾಲೀಕರು ಕೇಳಿದ್ದು 62, ಅಂದರೆ 3 ಲಕ್ಷ ಆಗಲೇ ಇಳಿದಿತ್ತು. ನನ್ನ ಖರ್ಚು 7. ಉಳಿದ 4 ಲಕ್ಷವನ್ನು ಕೇಳುವುದು ನ್ಯಾಯವೆನಿಸಿತು. 50ರಿಂದ ಶುರು ಮಾಡಿ ಏರುತ್ತ ಹೋಗುವ ಆಟ ಆಡಲಿಲ್ಲ. ಎಂಜಿನಿಯರ್ ಬರೆದ ಚೀಟಿಯನ್ನೂ ಲೆಕ್ಕದ ಹಾಳೆಯನ್ನೂ ಅವರ ಮುಂದಿಟ್ಟು, ‘ಕಾಕಾರ, ನಮ್ಮ ಲೆಕ್ಕಕ್ಕ 58 ಬರತೈತಿ, ನೀವ ಒಮ್ಮೆ ನೋಡ್ರಿ’ ಎಂದೆ.

ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ವೈರಿಂಗ್ ಹಳೇದಾಗೇತಿ ಖರೆ. ಆದ್ರ ನೀ ಹೇಳೋ ಅರವತ್ತೈದರ ಮನಿನೂ ಅದೇ ಹೊತ್ತಿನ್ಯಾಗ ಕಟ್ಟಿದ್ದು, ಅದರ ವೈರಿಂಗೂ ಅಷ್ಟೇ ಹಳೇದು. ಅದನ್ನ ನನ್ನ ಲೆಕ್ಕಕ್ಕ ಹಚ್ಚಬ್ಯಾಡವಾ.’

ಅವರ ಮಾತು ಸರಿಯಾಗಿತ್ತು. ವಯಸ್ಸು ಬೇರೆ, ದೋಷ ಬೇರೆ. ಹೋಲಿಕೆಗೆ ಹಿಡಿದ ಮನೆಯಲ್ಲೂ ಇರುವ ಕೊರತೆಯನ್ನು ಈ ಮನೆಯ ಬೆಲೆಯಿಂದ ಕಳೆಯುವಂತಿಲ್ಲ. ವೈರಿಂಗ್ ಹೊಡೆದುಹಾಕಿದೆವು. ಮಾತು 59 ಲಕ್ಷಕ್ಕೆ ನಿಂತಿತು. ಧಾರವಾಡದಲ್ಲಿ ನಾನು ಬರೀ ಅಂಕಿಯೊಂದನ್ನು ಹೇಳಿದ್ದೆ, ಅದಕ್ಕೆ ಉತ್ತರವಾಗಿ ಗೇಟು ಮುಚ್ಚಿತು. ಇಲ್ಲಿ ಕಾರಣಗಳನ್ನು ಇಟ್ಟೆ, ಅದಕ್ಕೆ ಉತ್ತರವಾಗಿ ಕಾರಣಗಳೇ ಬಂದವು.

ಸಾಲ ಮಾಡಿ ಮನೆ ಕೊಳ್ಳುವವರು ಇದರ ಮುಂದಿನ ಲೆಕ್ಕವನ್ನು ಗಮನವಿಟ್ಟು ಓದಬೇಕು. ಬೆಲೆಯಲ್ಲಿ 3 ಲಕ್ಷ ಇಳಿಯಿತೆಂದರೆ ದುರಸ್ತಿಗೆ 3 ಲಕ್ಷ ಕೈಗೆ ಬಂತು ಎಂದಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷ ಮೀರಿದ, 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ 80ನ್ನು ದಾಟುವಂತಿಲ್ಲ. ಹಾಗಾಗಿ ಇಳಿದ 3 ಲಕ್ಷದಲ್ಲಿ 2.4 ಲಕ್ಷ ಸಾಲದ ಮೊತ್ತದಲ್ಲೇ ಕಡಿಮೆಯಾಯಿತು. ನಮ್ಮ ಕೈಯಿಂದ ಹಾಕಬೇಕಾದ ಹಣದಲ್ಲಿ ಉಳಿದದ್ದು 60,000. ಆಗ ಮುದ್ರಾಂಕ, ಸೆಸ್ ಮತ್ತು ನೋಂದಣಿ ಸೇರಿ ಶೇ 6.6 ಇತ್ತು, ಅದರಲ್ಲಿ ಉಳಿದದ್ದು 19,800. ಒಟ್ಟು 79,800 ರೂಪಾಯಿ. ದುರಸ್ತಿಗೋ 7 ಲಕ್ಷ ಬೇಕಿತ್ತು. ಸಾಲ ಇಳಿದದ್ದರ ಲಾಭ ಇಲ್ಲವೆಂದಲ್ಲ. ಶೇ 9ರ ಬಡ್ಡಿಗೆ, 20 ವರ್ಷದ ಅವಧಿಗೆ, ತಿಂಗಳ ಕಂತಿನಲ್ಲಿ ಸುಮಾರು 2,160 ರೂಪಾಯಿ ಕಡಿಮೆಯಾಯಿತು. ಆದರೆ ಆ ಲಾಭ ಇಪ್ಪತ್ತು ವರ್ಷಗಳಲ್ಲಿ ಹನಿಹನಿಯಾಗಿ ಬರುತ್ತದೆ, ಗೌಂಡಿಯ ಕೂಲಿ ಪ್ರತಿ ಶನಿವಾರ ಕೊಡಬೇಕು. ದುರಸ್ತಿಯ ಹಣ ಕೈಯಲ್ಲಿಲ್ಲದಿದ್ದರೆ, ಅಥವಾ ಅದಕ್ಕಾಗಿ ಪ್ರತ್ಯೇಕ ಸಾಲ ಸಿಗುವುದು ಖಾತ್ರಿಯಿಲ್ಲದಿದ್ದರೆ, ದೋಷವಿರುವ ಮನೆ ಎಷ್ಟೇ ಅಗ್ಗವಾದರೂ ನಿಮಗೆ ದುಬಾರಿಯೇ.

ಬೆಲೆ ಇಳಿಸುವುದಕ್ಕೆ ಕಾನೂನಿನ ಕಡೆಯಿಂದಲೂ ಒಂದು ತಳವಿದೆ. ಒಪ್ಪಿದ ಬೆಲೆ ಮಾರ್ಗಸೂಚಿ ಬೆಲೆಗಿಂತ ಕೆಳಗಿದ್ದರೂ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಮಾರ್ಗಸೂಚಿ ಬೆಲೆಯ ಮೇಲೆಯೇ ಬೀಳುತ್ತದೆ. ಎರಡರ ವ್ಯತ್ಯಾಸ 50,000 ರೂಪಾಯಿಯನ್ನೂ ಒಪ್ಪಿದ ಬೆಲೆಯ ಶೇ 10ನ್ನೂ ದಾಟಿದರೆ, ಆ ಇಡೀ ವ್ಯತ್ಯಾಸವನ್ನು ಕೊಂಡವರ ಆದಾಯವೆಂದು ಪರಿಗಣಿಸಿ ತೆರಿಗೆ ಹಾಕಬಹುದು. 56 ಲಕ್ಷ ಮಾರ್ಗಸೂಚಿ ಬೆಲೆಯ ಮನೆಯನ್ನು 50 ಲಕ್ಷಕ್ಕೆ ಕೊಂಡರೆ 6 ಲಕ್ಷ ನಿಮ್ಮ ಆದಾಯಕ್ಕೆ ಸೇರುತ್ತದೆ. ಬೆಲೆ ಹೇಳುವ ಮುನ್ನ ಆ ಮನೆಯ ಮಾರ್ಗಸೂಚಿ ಬೆಲೆಯನ್ನು ತಿಳಿದುಕೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿರುವುದರಿಂದ ಈಗ ನಗರದ ಇಂಥ ಮನೆಗೆ ಶೇ 7.6ರ ಲೆಕ್ಕ ಹಿಡಿಯಬೇಕು. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1ನ್ನು ಮೂಲದಲ್ಲೇ ಮುರಿದುಕೊಂಡು ಮಾರುವವರ ಹೆಸರಿನಲ್ಲಿ ಆದಾಯ ತೆರಿಗೆಗೆ ಕಟ್ಟುವುದು ಕೊಳ್ಳುವವರ ಹೊಣೆ.

ನಮ್ಮ ವ್ಯವಹಾರದ ನಡುವೆ ಏಜೆಂಟರು, ‘ಖರೀದಿ ಪತ್ರದಾಗ 48 ಬರಸ್ರಿ, ಉಳಿದದ್ದು ಕೈಯಾಗ ಕೊಡ್ರಿ, ಇನ್ನೂ ಒಂದು ಲಕ್ಷ ಇಳಸ್ತೇನಿ’ ಎಂದರು. ಬೇಡವೆಂದೆವು. ಪತ್ರದಲ್ಲಿ ಬೆಲೆ ಕಡಿಮೆ ಬರೆದರೆ ಸಾಲವೂ ಕಡಿಮೆ ಸಿಗುತ್ತದೆ. ನಾಳೆ ಮಾರುವಾಗ ಲಾಭ ದೊಡ್ಡದಾಗಿ ಕಂಡು ತೆರಿಗೆ ಹೆಚ್ಚುತ್ತದೆ. ಮನೆ ವ್ಯವಹಾರದಲ್ಲಿ 20,000 ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು ಕಾನೂನು ನಿಷೇಧಿಸಿದೆ. ಎಲ್ಲಕ್ಕಿಂತ ಮೊದಲು, ಅದು ಸುಳ್ಳು. ದೋಷಕ್ಕೆ ತಕ್ಕ ವಜಾ ಕೇಳುವುದು ನಿಮ್ಮ ಹಕ್ಕು, ಸುಳ್ಳು ಬರೆಸಿ ಉಳಿಸುವುದು ಹಕ್ಕಲ್ಲ.

ಇನ್ನೊಂದು ಮಾತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತಮಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷಗಳನ್ನು ಮಾರುವವರು ಹೇಳಲೇಬೇಕು. ಕಣ್ಣಿಗೆ ಕಾಣುವ ಬಿರುಕಿಗೆ ಈ ರಕ್ಷಣೆ ಇಲ್ಲ. ಅದನ್ನು ನೋಡುವ ಹೊಣೆ ನಮ್ಮದು. ಆದ್ದರಿಂದ ಸಂಚಕಾರ ಕೊಡುವ ಮೊದಲೇ ಎಂಜಿನಿಯರ್ ಬಂದು ಹೋಗಬೇಕು, ಬ್ಯಾಂಕಿನ ಮೌಲ್ಯಮಾಪನವೂ ಆಗಿರಬೇಕು. ಅನುಮೋದಿತ ನಕ್ಷೆಯಲ್ಲಿ ಇಲ್ಲದ ಕೋಣೆಯನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಕೊರತೆಯನ್ನು ನೀವೇ ತುಂಬಬೇಕಾಗುತ್ತದೆ.

ನಮ್ಮ ದುರಸ್ತಿಗೆ ಕೊನೆಗೆ ತಗಲಿದ್ದು 6 ಲಕ್ಷ 45 ಸಾವಿರ. ಬಚ್ಚಲುಮನೆಯ ಗೋಡೆ ಒಡೆದಾಗ ಒಳಗಿನ ಕೊಳಾಯಿ ಪೂರ್ತಿ ತುಕ್ಕು ತಿಂದಿತ್ತು, ಅದಕ್ಕೇ 80 ಸಾವಿರ ಹೋಯಿತು. ಶೇ 20 ಸೇರಿಸಿದ್ದರಿಂದ ಯಾರ ಹತ್ತಿರವೂ ಕೈಚಾಚುವ ಪ್ರಸಂಗ ಬರಲಿಲ್ಲ. ಅಂದಿನಿಂದ ಮೂರು ಮಳೆಗಾಲ ಕಳೆದಿವೆ, ಆ ಗೋಡೆ ಮತ್ತೆ ಬಿರಿದಿಲ್ಲ.

ದೋಷವಿರುವ ಮನೆ ಕಂಡರೆ ಹೆದರಬೇಡಿ, ಅಗ್ಗಕ್ಕೆ ಸಿಗುತ್ತದೆಂದು ಹಿಗ್ಗಲೂ ಬೇಡಿ. ಹಣದಿಂದ ಸರಿಯಾಗದ ದೋಷವಿದ್ದರೆ ಬೆಲೆ ಕೇಳದೆ ಹೊರಡಿ. ಸರಿಯಾಗುವ ದೋಷವಿದ್ದು ಅದು ಬೆಲೆಯಲ್ಲಿ ಆಗಲೇ ಕಳೆದಿದ್ದರೆ ಕೇಳಿದಷ್ಟು ಕೊಟ್ಟು ಕೊಳ್ಳಿ. ಕಳೆದಿಲ್ಲದಿದ್ದರೆ ಲೆಕ್ಕ ಬರೆದುಕೊಂಡು ಹೋಗಿ, ಅಷ್ಟನ್ನೇ ಕೇಳಿ. ಆ ಹಾಳೆಯನ್ನು ಮಾರುವವರ ಕೈಗೆ ಕೊಡಲು ನಿಮಗೆ ಸಂಕೋಚವಾದರೆ, ನೀವು ಕೇಳುತ್ತಿರುವ ಬೆಲೆ ಸರಿಯಿಲ್ಲವೆಂದೇ ತಿಳಿಯಿರಿ.